ಗುರುಸಂಗಪ್ಪನವರ ಟಾರ್ಕ್ ರೆಂಚ್

ಚಹಾ ಆರುವುದರೊಳಗೆ ಓದಿ ಮುಗಿಸಬಹುದು... ಮಕ್ಕಳಿರುವವರು ಮಾತ್ರ ಚಹಾ ಬದಿಗಿಟ್ಟು ಓದಿ.

ವಿಜಯಪುರದ ನಮ್ಮ ಗೆಳೆಯ ಗುರುಸಂಗಪ್ಪನವರದು ಲಾರಿ ವ್ಯವಹಾರ. ಹಮಾಲರು ಲೋಡಿಗೆ ಹಗ್ಗ ಬಿಗಿದು ಕೆಳಗಿಳಿದರೂ ಇವರಿಗೆ ಸಮಾಧಾನವಿಲ್ಲ. ತಾವೇ ಹೋಗಿ ಹಗ್ಗ ಹಿಡಿದು, "ಇನ್ನೊಂದು ಜಗ್ಗು!" ಎಂದು ಕೊನೆಯ ಸಲ ಎಳೆಯಲೇಬೇಕು.

ಅವರ ಲಾರಿಯಿಂದ ಇದುವರೆಗೂ ಒಂದು ಚೀಲವೂ ಜಾರಿ ಬಿದ್ದಿಲ್ಲ. ಅದೊಂದು ಹೆಮ್ಮೆ ಬೇರೆ!

ಆದರೆ ಮಗಳು ಬಿದ್ದಳು...

ಒಬ್ಬಳೇ ಮಗಳು, ದಾನೇಶ್ವರಿ. ಸೈಕಲ್ ರೇಸ್ ಎಂದರೆ ಅವಳಿಗೆ ಊಟ, ನಿದ್ದೆ ಯಾವುದೂ ಬೇಡ. ಪ್ರಾಕ್ಟೀಸ್ ಮಾಡುವಾಗ ಬಿದ್ದು ಭುಜದ ಮೂಳೆ ಮುರಿದುಕೊಂಡಳು.

ಹೇಗೆ ಬಿದ್ದೆ ಎಂದು ಅಪ್ಪ ಕೇಳಿದ್ದಕ್ಕೆ, "ಸೀಟು ಒಮ್ಮೆಲೆ ಜಾರಿತಪ್ಪಾ... ಬೋಲ್ಟ್ ಸಡ್ಲ್ ಇತ್ತು" ಎಂದಳು.

ಅಷ್ಟೇ... ಆ ಬೋಲ್ಟ್ ಗುರುಸಂಗಪ್ಪನವರ ತಲೆಯೊಳಗೆ ಹೊಕ್ಕುಬಿಟ್ಟಿತು.

ಮೂಳೆ ಕೂಡಿತು. ರಾಜ್ಯ ತಂಡದ ಆಯ್ಕೆಯ ಟ್ರಯಲ್ ಹತ್ತಿರ ಬಂತು. ಮಗಳು ಆರಾಮಾಗಿದ್ದಳು. ಅಪ್ಪನಿಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿಲ್ಲ, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ.

ಅವಳು ರಸ್ತೆಗಿಳಿದರೆ ಹಿಂದೆಯೇ ಇವರ ಜೀಪು. ಇದು ಮೊದಲಿನಿಂದಲೂ ಇದ್ದದ್ದೇ, ಬಿದ್ದ ಮೇಲೆ ಹೆಚ್ಚಾಯಿತು. "ಅಪ್ಪಾ, ಹಿಂದ ಬರಬ್ಯಾಡ... ಸಾಕು" ಎಂದು ಅವಳು ಹೇಳಿದಾಗಲೆಲ್ಲ ಇವರು ತಲೆಯಾಡಿಸುತ್ತಿದ್ದರು. ಮರುದಿನ ಮತ್ತೆ ಜೀಪು!

ಅವಳ ಕೋಚ್ ಒಂದು ದಿನ ಹೇಳಿದರು: "ಇದು ಕಾರ್ಬನ್ ಸೈಕಲ್ರೀ, ಹಗುರ ಖರೆ, ಹೆಚ್ಚು ಬಿಗಿದ್ರ ಸೀಳ್ತದ. ಅಂದಾಜಿನ ಮ್ಯಾಲೆ ಬಿಗೀಬ್ಯಾಡ್ರಿ. ಮನ್ಯಾಗ ಒಂದು ಟಾರ್ಕ್ ರೆಂಚ್ ಇಡ್ರಿ. ಎಷ್ಟು ಬಿಗಿ ಬೇಕೋ ಅಷ್ಟಾದಕೂಡ್ಲೆ 'ಸಾಕು' ಅಂತ ಅದ ಹೇಳ್ತದ."

ಗುರುಸಂಗಪ್ಪ ನೇರವಾಗಿ ತಮ್ಮ ಗ್ಯಾರೇಜಿನಿಂದ ಲಾರಿ ಚಕ್ರದ ನಟ್ಟು ಬಿಗಿಯುವ ಮೊಳ ಉದ್ದದ ಟಾರ್ಕ್ ರೆಂಚ್ ತಂದರು. ಮಗಳು ನಕ್ಕು ನಕ್ಕು ಸುಸ್ತಾದಳು. "ಅಪ್ಪಾ, ಇದರ ಬಿಗಿ ನಂಬರ್ ಶುರು ಆಗೂದ್ರಾಗ ನನ್ನ ಬೋಲ್ಟ್ ಮುರದೇ ಹೋಗಿರ್ತದ. ಸಣ್ಣ ನಂಬರಿಂದು ಬೇಕು."

ಅಲ್ಲಿಂದ ಶುರುವಾಯಿತು ನೋಡಿ ಹುಡುಕಾಟ...

ಮುಳ್ಳಿನಿಂದ ಅಂಕಿ ತೋರಿಸುವುದೋ? ಬೀಪ್ ಎನ್ನುವ ಡಿಜಿಟಲ್ಲೋ? ಟಿಕ್ ಎಂದು ಸದ್ದು ಮಾಡುವುದೋ?

ಊಟದ ತಟ್ಟೆ ಮುಂದೆ ಮೊಬೈಲ್, ಮದುವೆ ಮಂಟಪದಲ್ಲೂ ಮೊಬೈಲ್. ಫೋಟೋ ಕಳಿಸಿ ನನ್ನನ್ನು ಕೇಳುವರು, "ಯಾವ್ದು ಚಲೋ ಐತ್ರಿ?" ಸ್ಕ್ರೂ ಬಿಚ್ಚಲು ಚಾಕು ಹುಡುಕುವ ಆಸಾಮಿ ನಾನು. ನನ್ನನ್ನು ಕೇಳಿದರೆ!

ಕೊನೆಗೆ, ಚಷ್ಮಾ ಇಲ್ಲದಿದ್ದರೂ ಕಿವಿ ಕೇಳುತ್ತದಲ್ಲ ಎಂದು ಟಿಕ್ ಎನ್ನುವುದನ್ನೇ ತಂದರು.

ಟ್ರಯಲ್‌ನ ಹಿಂದಿನ ಸಂಜೆ ನಾನೂ ಅವರ ಅಂಗಳದಲ್ಲಿದ್ದೆ. ದಾನೇಶ್ವರಿ ಸೀಟಿನ ಬೋಲ್ಟ್ ಪಕ್ಕ ಬರೆದಿದ್ದ ಅಂಕಿಯನ್ನು ನೋಡಿ ರೆಂಚಿಗೆ ಅದೇ ಅಂಕಿ ಇಟ್ಟು ಅಪ್ಪನ ಕೈಗೆ ಕೊಟ್ಟಳು. "ಟಿಕ್ ಅಂದ್ರ ಮುಗೀತಪ್ಪಾ. ಅಲ್ಲೇ ನಿಲ್ಲಸು" ಎಂದು ಬಾಟಲಿಗೆ ನೀರು ತುಂಬಲು ಒಳಗೆ ಹೋದಳು.

ಗುರುಸಂಗಪ್ಪ ತಿರುಗಿಸಿದರು. ಟಿಕ್...

ನನ್ನ ಮುಖ ನೋಡಿದರು. ಬಾಗಿಲ ಕಡೆ ನೋಡಿದರು. ಮೆಲ್ಲಗೆ, "ಇನ್ನೊಂದು ಜಗ್ಗು" ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ತಿರುಗಿಸಿದರು.

ಚಟ್!

ಈ ಸದ್ದು ರೆಂಚಿನದಲ್ಲ... ಸೀಟಿನ ಕೆಳಗಿನ ಕಾರ್ಬನ್ ಪೈಪು ಸೀಳಿತ್ತು.

ಮಗಳು ಓಡಿ ಬಂದಳು. ಅಪ್ಪ ನೆಲದ ಮೇಲೆ ಕುಸಿದು ಕೂತಿದ್ದರು. "ಅವತ್ತ ಬಿಗಿ ನೋಡಲಾರದ ನಿನ್ನ ಬೀಳಿಸಿದೆ. ಇವತ್ತ ಬಿಗದು ಕೆಡಿಸಿದೆ. ನಾಳೆ ಹೋಗೂದ ಬ್ಯಾಡ ಬಿಡವ್ವಾ... ನನ್ನ ಜೀವಕ್ಕ ಸಮಾಧಾನ ಇಲ್ಲ."

ಅವಳು ಅಪ್ಪನ ಎದುರು ಕೂತಳು.

"ಅಪ್ಪಾ, ಅವತ್ತ ಬೋಲ್ಟ್ ಸಡ್ಲ್ ಇದ್ದಿದ್ದಿಲ್ಲ."

"ಮತ್ತ?"

"ನೀ ಜೀಪಿನ್ಯಾಗಿಂದ ಹಾರ್ನ್ ಹೊಡದಿ. 'ಸಾವಕಾಶ' ಅಂತ ಒದರಿದಿ. ನಾ ಹೊಳ್ಳಿ ಹಿಂದ ನೋಡ್ದೆ... ಮುಂದಿನ ತೆಗ್ಗು ಕಾಣಲಿಲ್ಲ."

"ಸೀಟು ಜಾರಿತು ಅಂದೆಲ್ಲವ್ವಾ..."

"ನಿನ್ನಿಂದ ಬಿದ್ದೆ ಅಂದಿದ್ರ ನೀ ತಡಕೋತಿದ್ದಿ ಏನಪ್ಪಾ?"

ಮುರಿದ ಮೂಳೆಯ ನೋವಿನಲ್ಲೂ ಆ ಹುಡುಗಿ ಯೋಚಿಸಿದ್ದು ಅಪ್ಪನ ಬಗ್ಗೆ! ನಾನು ಮುಖ ಆಚೆ ತಿರುಗಿಸಿದೆ.

ಅವಳೇ ಎದ್ದು, ತನ್ನ ಹಳೆಯ ಸೈಕಲ್ಲಿನ ಸೀಟಿನ ಅಲ್ಯೂಮಿನಿಯಂ ಪೈಪು ಬಿಚ್ಚಿ ತಂದಳು. ಸ್ವಲ್ಪ ಭಾರ, ಆದರೆ ಅಳತೆ ಒಂದೇ. ಅದನ್ನು ಕೂರಿಸಿ ರೆಂಚನ್ನು ಅಪ್ಪನ ಕಡೆ ಚಾಚಿದಳು.

"ನನ್ನ ಕೈ ಬ್ಯಾಡವ್ವಾ..."

"ನಿನ್ನ ಕೈನ ಬೇಕು. ಟಿಕ್ ಅಂದಕೂಡ್ಲೆ ನಿಲ್ಲಸು, ಅಷ್ಟ."

ಟಿಕ್.

ಗುರುಸಂಗಪ್ಪನವರ ಕೈ ಇನ್ನೊಂದು ಜಗ್ಗಲು ಎಷ್ಟು ಒದ್ದಾಡಿತೋ, ನಾನೇ ಕಂಡೆ. ಆದರೆ ರೆಂಚ್ ಕೆಳಗಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಬೆಳಿಗ್ಗೆ ಟ್ರಯಲ್ ಶುರುವಾಗುವ ಮೊದಲು ಜೀಪಿನ ಕೀಲಿ ನನ್ನ ಕೈಗಿಟ್ಟು, "ನಾ ಕೇಳಿದ್ರೂ ಕೊಡಬ್ಯಾಡ್ರಿ" ಎಂದರು.

ಕೇಳಿದರು! ಬೇಡಿದರು, ಬೈದರು, ಕೊನೆಗೆ ನನ್ನ ಜೇಬಿಗೂ ಕೈ ಹಾಕಿದರು. ನಾನು ಕೊಡಲಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ದಾನೇಶ್ವರಿ ಕಾಣಿಸಿದಳು. ತಲೆ ಬಗ್ಗಿಸಿ, ಕಣ್ಣು ರಸ್ತೆಯ ಮೇಲಿಟ್ಟು ಬರುತ್ತಿದ್ದಳು. "ಸಾವಕಾಶ" ಎನ್ನಲು ಬಾಯಿ ತೆರೆದ ಗುರುಸಂಗಪ್ಪ ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡರು.

ಅವಳು ನಮ್ಮನ್ನು ದಾಟಿ ಹೋದಳು... ಹಿಂದೆ ತಿರುಗಿ ನೋಡಲೇ ಇಲ್ಲ.

"ಹೊಳ್ಳಿ ನೋಡ್ಲಿಲ್ಲ ನೋಡ್ರಿ ನನ್ನ ಮಗಳು!" ಎಂದು ಗುರುಸಂಗಪ್ಪ ನನ್ನ ಭುಜ ಹಿಡಿದು ಅತ್ತುಬಿಟ್ಟರು.

ಆಯ್ಕೆಯಾದವರ ಹೆಸರು ಓದುವಾಗ ದಾನೇಶ್ವರಿಯ ಹೆಸರು ಎಲ್ಲರಿಗಿಂತ ಕೊನೆಗೆ ಬಂತು. ಕೊನೆಗಾದರೇನು, ಬಂತಲ್ಲ! ಟಾರ್ಕ್ ರೆಂಚ್ ಈಗಲೂ ಆ ಮನೆಯಲ್ಲಿದೆ... ಜೀಪಿನ ಕೀಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ.

*ಬಿಗಿಯಾಗಿ ಹಿಡಿಯುವುದು ಪ್ರೀತಿ... "ಸಾಕು" ಎಂದಾಗ ಅಲ್ಲಿಗೇ ನಿಲ್ಲುವುದೂ ಪ್ರೀತಿಯೇ.*

ನಿಮ್ಮ ಮನೆಯಲ್ಲಿ ಯಾರಾದರೂ "ಸಾಕು" ಎಂದು ಹೇಳಿ ಹೇಳಿ ಈಗ ಸುಮ್ಮನಾಗಿದ್ದಾರಾ?