ನಾಲ್ಕು ಬೆರಳ ನೂಲು

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನಗೆ ಮಗ್ಗಗಳ ಊರಾದ ಇಚಲಕರಂಜಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಕಾಕಾ, ನನ್ನ ಅಪ್ಪನ ತಮ್ಮ, ದುಡಿಯಲು ನೈರೋಬಿಗೆ ಹೋಗಿ ವರ್ಷಗಳಾಗಿದ್ದವು; ತಿರುಗಿ ಬಂದಿರಲಿಲ್ಲ. ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಹೆಂಡತಿ, ನನ್ನ ಕಾಕು, ಒಂದು ಎಳೆ ಹರಿದು ಕೊಟ್ಟಳು. ಶಾಲೆಯ ನಕಾಶೆಯ ಮೇಲೆ ಮುಂಬಯಿಯಿಂದ ನೈರೋಬಿಗೆ ಅದನ್ನು ಹಿಡಿದು, ಆ ಉದ್ದಕ್ಕೆ ಬೆರಳಿಟ್ಟು ಅಳೆದೆ.

“ನಾಕ ಬಟ್ಟ, ಕಾಕು! ವಿಮಾನದಾಗ ಒಂದ ದಿನಾನೂ ಹತ್ತೂದಿಲ್ಲಂತ. ಮಾಸ್ತರ ಹೇಳ್ಯಾರ.”

ಕಾಕುವಿನ ಮುಖ ಅರಳಿತು. “ಹಂಗಾರ ಭಾಳ ದೂರ ಇಲ್ಲ ಬಿಡ್ರಿ, ಅತ್ತಿ.”

ಅವಳ ಅತ್ತೆ, ನನ್ನ ಅಜ್ಜಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು: “ನಾನೂ ಅದನ್ನ ಹೇಳಾಕತ್ತೇನಿ. ದೂರ ಇದ್ದಿದ್ರ, ಬರಾಕ ಆಗವಲ್ದು ಅನ್ನಬಹುದಿತ್ತು. ಅವಂಗ ನೀ ಬ್ಯಾಡಾಗೀದಿ.”

ರಾಟೆ ನಿಂತಿತು.

“ಆ ಎಳಿ ಒಗೀಬ್ಯಾಡ. ಗಂಟ ಹಾಕಿ ಸುತ್ತು. ಅದಾದ್ರೂ ಕೆಲಸಕ್ಕ ಬರ್ಲಿ,” ಎಂದಳು ಅಜ್ಜಿ.

ನನ್ನ ಕೈಯಿಂದ ಎಳೆ ತೆಗೆದುಕೊಂಡು ಗಂಟು ಹಾಕಿ, ಗಂಟಿನ ತುದಿಯನ್ನು ಹಲ್ಲಿನಿಂದ ಕಡಿದು, ಕಾಕು ಮತ್ತೆ ರಾಟೆ ತಿರುಗಿಸಿದಳು.