ಮೂರು ಊರಿನ ಹೊದಿಕೆ

ಗಂಡನ ಸಮಾಧಿಗೆ ಹೂ ಹಾಕಲು ಹೋದ ಸುವರ್ಣಮ್ಮನಿಗೆ ಸಮಾಧಿಯೇ ಸಿಗಲಿಲ್ಲ. ಸಂಡೂರಿನ ‘ಬೆಳಗಿನ ಬಾಗಿಲು’ ಎಂಬ ಕ್ರೈಸ್ತ ಸಭೆಯವರ ಸಮಾಧಿ ಜಾಗದಲ್ಲಿ ಪಕೀರಪ್ಪ ಮಲಗಿ ಇನ್ನೂ ವರ್ಷ ತುಂಬಿರಲಿಲ್ಲ. ಶಿಲುಬೆ ಇದ್ದ ಕಡೆ ಈಗ ಎರಡಾಳೆತ್ತರದ ಕೆಂಪು ಅದಿರಿನ ರಾಶಿ. ಅದರ ಪಕ್ಕದಲ್ಲಿ ಲೋಡರ್ ಒಂದು ಗುರ್ ಎನ್ನುತ್ತಾ ಹಿಂದೆ ಮುಂದೆ ಓಡಾಡುತ್ತಿತ್ತು. “ಅಯ್ಯೋ ನಿಮ್ಮ ಮನಿ ಹಾಳಾಗ! ಅದರ ಕೆಳಗ ನಮ್ಮ ಮನೆಯವ್ರು ಅದಾರಲೇ!” ಎಂದು ಕೂಗಿದಳು. ಇಂಜಿನ್ ಸದ್ದಿನಲ್ಲಿ ಏನೂ ಕೇಳಿಸದ ಡ್ರೈವರ್, ಪಕ್ಕಕ್ಕೆ ಸರಿ ಎಂದು ಕೈ ಬೀಸಿದ. ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ಸಂಡೂರಿನಲ್ಲಿ ಖಾಲಿ ಜಾಗವೆಂದರೆ ಅದಿರು ಸುರಿಯುವ ಜಾಗವೆಂದೇ ಅರ್ಥ. ಸತ್ತವರು ಎದ್ದು ಬಂದು ತಕರಾರು ಮಾಡುವುದಿಲ್ಲವಲ್ಲ, ಹಾಗಾಗಿ ಸಮಾಧಿ ಜಾಗವೂ ಖಾಲಿ ಜಾಗವೇ.

ಅವಳು ಹೋದಾಗ ಸಭೆಯ ಪಾಸ್ಟರ್ ಆಶೀರ್ವಾದಪ್ಪ ಮನೆಯ ಮುಂದೆ ನಿಂತು ಹೊಸ ಸ್ಕಾರ್ಪಿಯೊ ತೊಳೆಸುತ್ತಿದ್ದರು. ಜಾಗ ಬಾಡಿಗೆಗೆ ಕೊಟ್ಟವರು ಅವರೇ. ಅದನ್ನು ಮುಚ್ಚಿಡುವ ಸಂಕೋಚವೂ ಅವರಿಗಿರಲಿಲ್ಲ.

“ಚೀನಾಕ್ಕ ಹೋಗೋ ಮಾಲು ತಾಯಿ. ಇವತ್ತಲ್ಲ ನಾಳಿ ಖಾಲಿ ಆಗ್ತೈತಿ.”

“ಆ ರಾಶಿ ಹೋದ್ರ ಇನ್ನೊಂದು ರಾಶಿ ಬರ್ತೈತಿ. ಯಾರನ್ನ ಕೇಳಿ ಕೊಟ್ರಿ ಅಯ್ಯನೋರ? ಮಣ್ಣು ಮಾಡಿದ ಮಂದೀನ ಒಂದು ಮಾತು ಕೇಳಬ್ಯಾಡೇನ್ರಿ?”

ಪಾಸ್ಟರು ನೊಂದವರಂತೆ ನಕ್ಕರು. “ಸಭೆಯವ್ರು ಸಭಾಪಾಲಕನ್ನ ಪ್ರಶ್ನೆ ಮಾಡಂಗಿಲ್ಲ, ಸುವರ್ಣಮ್ಮ. ನಾನು ಉತ್ತರ ಕೊಡಬೇಕಾದ್ದು ನನ್ನ ಹೊದಿಕೆಗೆ.”

“ಹೊದಿಕಿ? ಅಂದ್ರ, ಕಂಬಳೇನ್ರಿ?”

“ಆತ್ಮಿಕ ಹೊದಿಕೆ ತಾಯಿ! ಒಬ್ಬೊಬ್ಬ ಸೇವಕನ ಮ್ಯಾಲೂ ಒಬ್ಬ ದೊಡ್ಡ ಸೇವಕ ಇರ್ತಾನ, ತಪ್ಪಿದ್ರ ಕಿವಿ ಹಿಂಡಾಕ. ನನ್ನ ಮ್ಯಾಲೆ ಹೊಸಪೇಟಿ ಬಿಷಪ್ ಸಮಾಧಾನಪ್ಪನೋರು ಅದಾರ. ಹೋಗಿ ಹೇಳ್ಕೋರಿ, ನಾ ಏನೂ ಬ್ಯಾಡ ಅನ್ನಂಗಿಲ್ಲ.”

ಸುವರ್ಣಮ್ಮನಿಗೆ ಎಷ್ಟೋ ನಿರಾಳವಾಯಿತು. ಕಿವಿ ಹಿಂಡುವವರು ಒಬ್ಬರಾದರೂ ಇದ್ದಾರಲ್ಲ! ಮರುದಿನ ತನ್ನ ಒಗ್ಗರಣಿ ಮಿರ್ಚಿ ಅಂಗಡಿಗೆ ಬೀಗ ಹಾಕಿ, ಲಾರಿಗಳ ಧೂಳು ಕುಡಿಯುತ್ತಾ ಹೊಸಪೇಟೆಗೆ ಹೋದಳು. ಬಿಷಪ್ ಸಮಾಧಾನಪ್ಪನವರದು ನೇರಳೆ ಅಂಗಿ, ಎದೆಯ ಮೇಲೆ ಅಂಗೈಯಗಲದ ಶಿಲುಬೆ. ಎಲ್ಲವನ್ನೂ ಕೇಳಿ ಲೊಚಗುಟ್ಟಿದರು. “ಭಾಳ ತಪ್ಪು. ಭಾಳಂದ್ರ ಭಾಳ ತಪ್ಪು. ಆದ್ರ ನಾನೊಬ್ನೇ ತೀರ್ಮಾನ ಮಾಡಿದ್ರ ಅದು ಅಹಂಕಾರ ಆಗ್ತೈತ್ರಿ. ನನಗೂ ಮ್ಯಾಲೊಂದು ಹೊದಿಕೆ ಐತಿ. ಕಂಪ್ಲಿ ಅಪೊಸ್ತಲ ದೇವದಾನಂ ಅವರು. ಅವ್ರು ಹೂಂ ಅಂದ್ರ ಸಾಕು, ನಾಳೀಗೇ ರಾಶಿ ತೆಗಸ್ತೀನಿ.” ಹೊರಟ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿದರು. ಅದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿರಲಿಲ್ಲ.

ಕಂಪ್ಲಿಯಲ್ಲಿ ಅಪೊಸ್ತಲರು ಊಟ ಮುಗಿಸಿ ಉಯ್ಯಾಲೆಯ ಮೇಲೆ ಕೂತಿದ್ದರು. ಸುವರ್ಣಮ್ಮನ ಕಥೆ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಮೆಲ್ಲಗೆ ಹೇಳಿದರು: “ಅಪೊಸ್ತಲ ಅಂದ್ರೆ ಎಲ್ಲಾರಿಗಿಂತ ತಗ್ಗಿ ನಡಿಯೋನು ಅಮ್ಮಾ. ನಾನೂ ಒಬ್ಬರ ಕೈಕೆಳಗೆ ಅದೀನಿ.”

“ಅವ್ರ ಹೆಸರು ಹೇಳ್ರಿ. ದಿಲ್ಲಿಯಾಗಿದ್ರೂ ಹೋಗ್ತೀನಿ.”

“ದಿಲ್ಲಿ ಯಾಕಮ್ಮಾ? ನಿಮ್ಮೂರೇ. ಸಂಡೂರು ಆಶೀರ್ವಾದಪ್ಪ.”

“ಅದು ಹೆಂಗ್ರಿ?” ಎಂದಳು ಸುವರ್ಣಮ್ಮ. ಅಪೊಸ್ತಲರು ಹೆಮ್ಮೆಯಿಂದ ಬಿಡಿಸಿ ಹೇಳಿದರು. ಹಿಂದೊಮ್ಮೆ ಹಂಪಿ ನೋಡಲು ಬಂದಿದ್ದ ಹೊರದೇಶದ ಬೋಧಕನೊಬ್ಬ ಮೂವರನ್ನೂ ಕೂರಿಸಿಕೊಂಡು, “ನಿಮ್ಮ ಮೇಲೆ ಯಾರಿದ್ದಾರೆ?” ಎಂದು ಕೇಳಿದ್ದನಂತೆ. ಯಾರೂ ಇಲ್ಲ ಎನ್ನಲು ಮೂವರಿಗೂ ನಾಚಿಕೆಯಾಯಿತಂತೆ. ಅವತ್ತು ಮಧ್ಯಾಹ್ನವೇ ಒಂದೇ ಬಾಟಲಿಯ ಅಭಿಷೇಕದ ಎಣ್ಣೆಯನ್ನು ಒಬ್ಬರ ತಲೆಗೊಬ್ಬರು ಹಚ್ಚಿ, ಒಬ್ಬರಿಗೊಬ್ಬರು ಹೊದಿಕೆಯಾದರಂತೆ. ಅಂದಿನಿಂದ ಇಂದಿನವರೆಗೆ ಯಾರ ಕಿವಿಗೂ ಯಾರ ಕೈಯೂ ತಾಗಿಲ್ಲವೆಂಬುದನ್ನು ಅವರು ಹೇಳಲಿಲ್ಲ, ಸುವರ್ಣಮ್ಮನಿಗೇ ತಿಳಿಯಿತು. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಆ ವಾರವೇ ಮೂವರೂ ಸಂಡೂರಿನಲ್ಲಿ ಕೂಟ ಸೇರಿದರು. ‘ನಾಯಕರ ಜವಾಬ್ದಾರಿ’ ಎಂಬ ವಿಷಯದ ಮೇಲೆ ಬೋಧನೆಯಿತ್ತು. ಸುವರ್ಣಮ್ಮ ನಡುವೆಯೇ ಒಳಗೆ ನುಗ್ಗಿ, ಅವರ ಕುರ್ಚಿಗಳ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

“ಮೂರೂ ಮಂದಿ ಇಲ್ಲೇ ಅದೀರಿ. ಯಾರು ಯಾರನ್ನ ಕೇಳಬೇಕೋ ಈಗ್ಲೇ ಕೇಳ್ಕೊಳ್ರಿ. ನಮ್ಮ ಮನೆಯವ್ರ ಮ್ಯಾಲಿನ ಅದಿರು ಹೋಗೋತನ ನಾ ಏಳಂಗಿಲ್ಲ.”

ಪಾಸ್ಟರು ಬಿಷಪ್ಪರ ಮುಖ ನೋಡಿದರು. ಬಿಷಪ್ಪರು ಅಪೊಸ್ತಲರ ಮುಖ ನೋಡಿದರು. ಅಪೊಸ್ತಲರು ಪಾಸ್ಟರ ಮುಖ ನೋಡಿದರು. ಸಭೆಯವರೆಲ್ಲ ಈ ಮೂವರ ಮುಖ ನೋಡುತ್ತಾ ಕೂತರು. ಕೊನೆಗೆ ಆಶೀರ್ವಾದಪ್ಪನವರಿಗೆ ಬೈಬಲಿನ ಒಂದು ವಾಕ್ಯ ಹೊಳೆದು ಮುಖ ಅರಳಿತು.

“ಸುವರ್ಣಮ್ಮ, ಹೆಂಗಸಿಗೆ ಗಂಡನೇ ತಲೆ ಅಂತ ಬರದೈತಿ. ನಿನ್ನ ಹೊದಿಕೆ ಪಕೀರಪ್ಪ. ಅವನ್ನ ಒಂದು ಮಾತು ಕೇಳದ, ದೇವರ ಸೇವಕರ ಮುಂದ ಹಿಂಗ ಬಾಯಿ ಮಾಡಬಹುದೇನು ನೀನು?”

“ಆಮೆನ್!” ಎಂದರು ಉಳಿದಿಬ್ಬರು. ಅಷ್ಟು ಬೇಗ ಅವರು ಯಾವ ಮಾತನ್ನೂ ಒಪ್ಪಿದ್ದಿಲ್ಲ.

ಸುವರ್ಣಮ್ಮ ತಲೆ ಮೇಲಿನ ಸೆರಗು ಸರಿ ಮಾಡಿಕೊಂಡಳು.

“ಆತು ಅಯ್ಯನೋರ. ಅದಿರು ತೆಗಸ್ರಿ, ಕೇಳ್ಕೊಂಡು ಬರ್ತೀನಿ.”