ಒಂದು ಕಿಟಕಿಯ ಬಿಸಿಲು

ಬೆನ್ನುಬಳ್ಳಿ ಕಟ್ಟುವ ಕೆಂಪಾಜಮ್ಮ ದಾರ ಹಿಡಿದು ನಾಗವೇಣಿಯ ಬೆನ್ನು ಅಳೆದಳು. ಹೋದ ತಿಂಗಳು ಎಡಕ್ಕೆ ಎರಡು ಬೆರಳು ಬಾಗಿದ್ದ ಬೆನ್ನುಮೂಳೆ ಈಗ ಮೂರು ಬೆರಳು ಬಾಗಿತ್ತು. ನಾಲ್ಕಾದರೆ ಆಪರೇಷನ್ನೇ ಗತಿ.

ಬೆನ್ನು ನೆಟ್ಟಗಾಗಲೆಂದು ಹುಡುಗಿಯ ಪಕ್ಕೆಗೆ ಸುತ್ತಿದ್ದ ಹಸಿರು ಬಳ್ಳಿಯ ಎಲೆಗಳೆಲ್ಲ ಎಡಕ್ಕೆ ಮುಖ ಮಾಡಿದ್ದವು. ಬಳ್ಳಿ ಮೈಯನ್ನು ಬಿಸಿಲಿನ ಕಡೆಗೆ ಎಳೆಯುತ್ತದೆ. ಇವಳಿಗೆ ಬೇಕಿದ್ದುದು ಬಲಗಡೆಯ ಬಿಸಿಲು.

"ನೀರು ಹಾಕೋದು ಒಂದಿನಾನೂ ತಪ್ಪಿಸಿಲ್ಲ ಕಣಕ್ಕ," ಎಂದಳು ತಾಯಿ ಜಯಲಕ್ಷ್ಮಿ.

"ನೀರಿಂದಲ್ಲ ಇದು. ಇಸ್ಕೂಲಲ್ಲಿ ಜಾಗ ಬದಲಾಯಿಸಿದ್ಯೇನವ್ವ?"

ನಾಗವೇಣಿ ತಲೆ ತಗ್ಗಿಸಿದಳು. "ಶಬಾನ ಎಡಗಡೆ ಕಿಟಕಿ ಹತ್ರ ಕೂರ್ತಾಳೆ. ಅವಳ ಬೆನ್ನು ಬಲಕ್ಕೆ ಬಾಗೈತೆ, ಅವಳ ಬಳ್ಳಿಗೆ ಎಡಗಡೆ ಬಿಸಿಲೇ ಬೇಕು. ಅವಳನ್ನ ಬಿಟ್ಟು ನಾನು ಕೂರಲ್ಲ."

"ಬಿಡು ಅಂದೋರ್ಯಾರು? ಅದೇ ಕಿಟಕಿ ಹತ್ರ ಅವಳ ಕಡೆ ತಿರುಗಿ, ಎದುರಿಗೆ ಕೂತ್ಕೊ. ಅವಳ ಎಡಕ್ಕೂ ನಿನ್ನ ಬಲಕ್ಕೂ ಒಂದೇ ಬಿಸಿಲು ಸಾಕು."

"ಬೋರ್ಡಿಗೆ ಬೆನ್ನು ಹಾಕ್ಕೊಂಡು ಬರ್ಕೊಳ್ಳೋದು ಹೆಂಗಕ್ಕ?" ಎಂದಳು ಜಯಲಕ್ಷ್ಮಿ.

"ಶಬಾನ ನೋಡಿ ಹೇಳ್ತಾಳೆ. ಅವಳ ಬಾಯಿಗೇನು ನಾನು ಬಳ್ಳಿ ಸುತ್ತಿದ್ದೀನಾ?"

ಮುಂದಿನ ತಿಂಗಳು ಬಾಗು ಎರಡು ಬೆರಳಿಗೆ ಇಳಿದಿತ್ತು. ಗಣಿತದ ಪರೀಕ್ಷೆಯಲ್ಲಿ ಗೆಳತಿಯರಿಬ್ಬರೂ ಪಾಸಾದರು; ತಪ್ಪುಗಳು ಮಾತ್ರ ಒಂದೂ ಬಿಡದೆ ಒಂದೇ ಆಗಿದ್ದವು.